ಅಳುಮೇಜು

"ಆ ಮೇಜಿಗೆ ನಾನು ಕೂರಲ್ಲ ಅಂದ್ರೆ ಕೂರಲ್ಲ. ಬೇಕಾದ್ರೆ ಕುತ್ತಿಗೆ ಹಿಡಿದು ಹಾಸ್ಟೆಲಿಂದ ಆಚೆ ಹಾಕು."

"ಕುತ್ತಿಗೆ ಯಾಕೆ, ಜುಟ್ಟು ಹಿಡಿದೇ ಕೂರಿಸ್ತೀನಿ. ಯಾರ ಹತ್ರ ಮಾತಾಡ್ತಿದೀಯ ಅನ್ನೋದು ನೆನಪಿರಲಿ."

"ನನ್ನ ದೊಡ್ಡಮ್ಮನ ಹತ್ರ."

"ಇಲ್ಲಿ ನಾನು ದೊಡ್ಡಮ್ಮ ಅಲ್ಲ, ವಾರ್ಡನ್. ಮೇಡಂ ಅನ್ನು."

"ಬಾಗಿಲು ಹಾಕಿದೆ. ಒಳಗಿರೋದು ನಾವಿಬ್ರೇ. ಗೋಡೆಗೆ ಕೇಳ್ಲಿ ಅಂತ ಮೇಡಂ ಅನ್ನಬೇಕಾ?"

ವಾರ್ಡನ್ ಕೈಯಲ್ಲಿದ್ದ ಬೀಗದಕೈ ಗೊಂಚಲನ್ನು ಮಂಚದ ಮೇಲೆ ಬಿಸಾಕಿದಳು. ಹಾಸ್ಟೆಲಿನ ಹುಡುಗಿಯರು ಅವಳನ್ನು ಬೀಗದಮ್ಮ ಎನ್ನುತ್ತಿದ್ದರು. ಸ್ನಾನಕ್ಕೆ ಹೋಗುವಾಗಲೂ ಆ ಗೊಂಚಲು ಸೊಂಟ ಬಿಟ್ಟು ಇಳಿಯುವುದಿಲ್ಲ ಎಂದು ಅವರ ಲೆಕ್ಕ. ಅದು ಕೆಳಗೆ ಬಿತ್ತೆಂದರೆ ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿದೆ ಎಂದೇ ಅರ್ಥ.

ಎದುರಿಗೆ ನಿಂತಿದ್ದವಳು ಅವಳ ತಂಗಿಯ ಮಗಳು. ಅದೇ ಹಾಸ್ಟೆಲಿನಲ್ಲಿದ್ದುಕೊಂಡು ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಈ ಸಂಬಂಧ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಾರ್ಡನ್ನಿಗೆ ನೆಂಟಸ್ತಿಕೆ ಇದೆ ಎಂದು ಗೊತ್ತಾದರೆ ಉಳಿದ ಹುಡುಗಿಯರು ಬಾಲ ಬಿಚ್ಚುತ್ತಾರೆ, ತಡವಾಗಿ ಬಂದು ನಿಂತು 'ಅವಳನ್ನು ಕೇಳಿದ್ರಾ' ಎನ್ನುತ್ತಾರೆ. ಹಾಗಾಗಿ ವಾರ್ಡನ್ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು: ಗೇಟಿನ ಒಳಗೆ ನಾನು ನಿನಗೆ ಯಾರೂ ಅಲ್ಲ, ನೀನು ನನಗೆ ಯಾರೂ ಅಲ್ಲ.

ಜಗಳವೆಲ್ಲ ಒಂದು ಮೇಜಿಗಾಗಿ.

ಹಿಂದಿನ ವರ್ಷ ಪಕ್ಕದ ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಜ್ವರ ಬಂದು ಬಾಗಿಲು ಹಾಕಿಕೊಂಡು ಮಲಗಿದವನು ಏಳಲೇ ಇಲ್ಲ. ಅವನು ಊಟಕ್ಕೆ ಬರದೇ ಇರುವುದನ್ನು ಯಾರೂ ಕೇಳಿರಲಿಲ್ಲ. ಬಾಗಿಲು ಒಡೆದಾಗ ಹೊತ್ತು ಮೀರಿತ್ತು. ವಿಶ್ವವಿದ್ಯಾಲಯದ ಮಾನ ಬೀದಿಪಾಲಾಯಿತು. ಆಮೇಲೆ ದೊಡ್ಡವರೆಲ್ಲ ಕೂತು ವಿದ್ಯಾರ್ಥಿ ಕ್ಷೇಮ ಕೇಂದ್ರ ಎಂಬುದೊಂದನ್ನು ತೆರೆದರು. ಅದಕ್ಕೊಬ್ಬ ಕ್ಷೇಮಾಧಿಕಾರಿ ಬಂದ. ಮೆಲುದನಿಯ ಮನುಷ್ಯ. ಕಾರಿಡಾರಿನಲ್ಲಿ ಯಾರು ಸಿಕ್ಕರೂ ತಲೆಯನ್ನು ಒಂದು ಕಡೆ ವಾಲಿಸಿ "ಹೇಗಿದ್ದೀಯಮ್ಮ" ಎನ್ನುತ್ತಿದ್ದ. ಉತ್ತರ ಕೇಳುವ ಮೊದಲೇ ಮುಂದಿನವಳ ಕಡೆ ತಲೆ ವಾಲಿಸುತ್ತಿದ್ದ. ಹುಡುಗಿಯರು ಅವನಿಗೆ 'ಹೇಗಿದ್ದೀಯಮ್ಮ ಸರ್' ಎಂದೇ ಹೆಸರಿಟ್ಟರು.

ಪ್ರತಿ ಹಾಸ್ಟೆಲಿನ ಊಟದ ಹಾಲಿನಲ್ಲೂ ಕಿಟಕಿ ಪಕ್ಕ ಒಂದು ದುಂಡುಮೇಜು ಹಾಕಿಸಿದ್ದು ಅವನೇ. ಹಳದಿ ಬಟ್ಟೆ, ನಡುವೆ ಹೂದಾನಿ. ಅದಕ್ಕೆ 'ಮನದ ಮಾತಿನ ಮೇಜು' ಎಂದು ಹೆಸರು. ಮನಸ್ಸಿಗೆ ಭಾರ ಆದವರು ತಟ್ಟೆ ತಂದು ಅಲ್ಲಿ ಕೂರಬೇಕು. ಕೇಂದ್ರದ ಕಾರ್ಯಕರ್ತೆಯೊಬ್ಬಳು ಬಂದು ಜೊತೆಗೆ ಕೂತು ಕೇಳಿಸಿಕೊಳ್ಳುತ್ತಾಳೆ. ಹೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಊಟದ ಹಾಲಿನಲ್ಲಿ ಕೂತು ಗುಟ್ಟು ಹೇಳಿಕೊಳ್ಳಿ ಎನ್ನುವುದು ಸಂತೆಯಲ್ಲಿ ಬಟ್ಟೆ ಬದಲಾಯಿಸಿಕೊಳ್ಳಿ ಎಂದಂತೆ. ಇದು ಅಷ್ಟು ಓದಿದವರ ತಲೆಗೆ ಹೊಳೆಯಲಿಲ್ಲ. ಮೊದಲ ವಾರ ಒಬ್ಬಳು ಕೂತಳು; ಅವಳ ಅಪ್ಪನಿಗೆ ಆಪರೇಶನ್ ಇತ್ತು. ಕೈ ತೊಳೆಯುವಷ್ಟರಲ್ಲಿ ಮೂರು ಮಹಡಿಗೂ ಸುದ್ದಿ ಮುಟ್ಟಿತ್ತು. ಸಂಜೆ ಅವಳ ದಿಂಬಿನ ಮೇಲೆ ಯಾರೋ ಒಂದು ಈರುಳ್ಳಿ ಇಟ್ಟಿದ್ದರು, ಕಣ್ಣೀರು ಸಾಲದೆ ಹೋದರೆ ಇರಲಿ ಅಂತ. ಅಂದಿನಿಂದ ಅದು ಅಳುಮೇಜು. ಯಾರೂ ಅದರ ಹತ್ತಿರ ಸುಳಿಯಲಿಲ್ಲ.

ಮೇಜು ಖಾಲಿ ಇರುವುದನ್ನು ನೋಡಿ ಕ್ಷೇಮಾಧಿಕಾರಿ ವಾರ್ಡನ್ನನ್ನು ಕರೆಸಿದ. "ನಿಮ್ಮ ಹಾಸ್ಟೆಲಿನಲ್ಲಿ ನಂಬಿಕೆಯ ವಾತಾವರಣ ಇಲ್ಲ ಮೇಡಂ" ಎಂದ. ಅವಳದು ಇನ್ನೂ ತಾತ್ಕಾಲಿಕ ಕೆಲಸ. ಕಾಯಂ ಮಾಡಬೇಕೋ ಬೇಡವೋ ಎಂದು ಹೇಳುವವನು ಈಗ ಅವನೇ. ಆಫೀಸಿನ ಹಿಂದಿನ ಒಂದು ಕೋಣೆ, ಒಂದು ಮಂಚ, ಒಂದು ಒಲೆ ಬಿಟ್ಟರೆ ಅವಳಿಗೆ ಲೋಕದಲ್ಲಿ ಬೇರೆ ಸೂರಿಲ್ಲ. ಅವಳು ತಲೆ ಓಡಿಸಿದಳು. ಗೇಟು ಹಾಕಿದ ಮೇಲೆ ಬಂದವಳು ಒಂದು ವಾರ ಅಳುಮೇಜಿನಲ್ಲಿ ಊಟ ಮಾಡಬೇಕು ಎಂದು ಹುಕುಂ ಹೊರಡಿಸಿದಳು. ಮೇಜು ತುಂಬಿತು. ಕಾರ್ಯಕರ್ತೆ ಬಂದು "ಏನಮ್ಮ ಮನಸ್ಸಿನಲ್ಲಿರೋದು" ಎಂದರೆ "ಬಸ್ಸು ಲೇಟು" ಎನ್ನುತ್ತಿದ್ದರು. ಕ್ಷೇಮಾಧಿಕಾರಿ ಹಾಲಿನ ಬಾಗಿಲಲ್ಲಿ ನಿಂತು ತುಂಬಿದ ಮೇಜು ನೋಡಿ ಕನ್ನಡಕ ತೆಗೆದು ಒರೆಸಿಕೊಂಡನಂತೆ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕೇಂದ್ರ ಹೇಗೆ ನಡೆಯುತ್ತಿದೆ ಎಂದು ನೋಡಲು ಒಂದು ಸಮಿತಿ ಬರುವುದೆಂದು ಗೊತ್ತಾಯಿತು. ಅವನು ಮತ್ತೆ ಅವಳನ್ನು ಕರೆಸಿದ. "ಮೇಜು ತುಂಬಿದೆ, ಸಂತೋಷ. ಆದ್ರೆ ಕೂತವರೆಲ್ಲ ಒಳಗೊಳಗೇ ನಗ್ತಿದಾರೆ. ಸಮಿತಿಯವರು ದಡ್ಡರಲ್ಲ. ಒಂದಾದರೂ ನಿಜವಾದ ನೋವು ಬೇಕು ಮೇಡಂ. ನಿಮ್ಮ ಹುಡುಗೀರಲ್ಲಿ ಯಾರಿಗಾದರೂ ಇದ್ದೇ ಇರುತ್ತಲ್ಲ, ನೋಡಿ."

ಅಂಗಡಿಗೆ ಹೋಗಿ ಒಳ್ಳೆ ತೆಂಗಿನಕಾಯಿ ಆರಿಸಿ ತನ್ನಿ ಎಂದಷ್ಟೇ ಸಲೀಸಾಗಿ ಹೇಳಿದ. ಅವಳು ಬಂದವಳೇ ತಂಗಿಯ ಮಗಳನ್ನು ಕೋಣೆಗೆ ಕರೆದಳು.

"ನಿನ್ನನ್ನು ಅಳು ಅಂದೆನಾ?" ಎಂದಳು ಈಗ. "ಸುಮ್ನೆ ಮುಖ ಬಾಡಿಸಿಕೊಂಡು ಕೂತು ಉಣ್ಣು. ನಿನ್ನ ಮುಖ ಹೇಗೂ ಹಾಗೇ ಇದೆ. ಹೊಸದಾಗಿ ಏನೂ ಮಾಡಬೇಕಾಗಿಲ್ಲ."

"ಅಲ್ಲಿ ಕೂತ್ರೆ ಮನೆ ವಿಷಯ ಕೇಳ್ತಾರೆ. ಸುಳ್ಳು ಹೇಳಿದ್ರೆ ನನ್ನ ಮುಖದಲ್ಲೇ ಗೊತ್ತಾಗುತ್ತೆ. ನಿಜ ಹೇಳಿದ್ರೆ ನನ್ನ ಭಾನುವಾರ ಹೋಗುತ್ತೆ."

ಆ ಭಾನುವಾರದ ಹೆಸರು ಕೇಳಿದರೆ ವಾರ್ಡನ್ನಿಗೆ ಮೈಯೆಲ್ಲ ಉರಿಯುತ್ತಿತ್ತು.

ತಂಗಿ ಈ ಹುಡುಗಿಯನ್ನು ಹೆತ್ತಾಗ ಅವಳಿಗೆ ಮದುವೆಯಾಗಿರಲಿಲ್ಲ. ಕೈಕೊಟ್ಟು ಹೋದವನ ಹೆಸರನ್ನು ಅವಳು ಬಾಯಿಬಿಡಲೂ ಇಲ್ಲ. ಮಗು ಅಂಬೆಗಾಲಿಡುವ ಹೊತ್ತಿಗೆ ಅಕ್ಕನ ಮಡಿಲಿಗೆ ಹಾಕಿ, "ಸ್ವಲ್ಪ ದಿನ ನೋಡ್ಕೋ" ಎಂದು ಬೇರೆ ಊರಿಗೆ ಹೋದಳು. ಟಯರ್ ಅಂಗಡಿಯವನೊಬ್ಬನನ್ನು ಮದುವೆಯಾದಳು. ಮೊದಲೊಂದು ಮಗು ಇದೆ ಎಂಬುದನ್ನು ಅವನಿಗೆ ಹೇಳಲಿಲ್ಲ. ಈಗ ಅವಳಿಗೆ ಎರಡನೇ ಕ್ಲಾಸಿಗೆ ಹೋಗುವ ಇನ್ನೊಬ್ಬ ಮಗಳು. ಸಂಸಾರ ಇದೇ ಊರಿಗೆ ಬಂದು, ವಿಶ್ವವಿದ್ಯಾಲಯದಿಂದ ಎರಡು ಸ್ಟಾಪು ಆಚೆ ಅಂಗಡಿಯ ಮೇಲಿನ ಮನೆಯಲ್ಲಿತ್ತು. ದೊಡ್ಡವಳು ಅದು ಹೇಗೋ ಅಮ್ಮನನ್ನು ಹುಡುಕಿಕೊಂಡು ಹೋದಳು. ಅಮ್ಮ ಬಾಗಿಲು ಮುಚ್ಚಲಿಲ್ಲ, ಪೂರ್ತಿ ತೆಗೆಯಲೂ ಇಲ್ಲ. "ಮಗುವಿಗೆ ಲೆಕ್ಕ ಹೇಳಿಕೊಡೋಕೆ ಬಾ. ಭಾನುವಾರ. ಯಾರಾದ್ರೂ ಕೇಳಿದ್ರೆ ಟ್ಯೂಷನ್ ಟೀಚರ್ ಅನ್ನು" ಎಂದಳು.

ಅವತ್ತಿನಿಂದ ಹುಡುಗಿ ಪ್ರತಿ ಭಾನುವಾರ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಹೆತ್ತಮ್ಮನ ಮನೆಗೆ ಟೀಚರಾಗಿ ಹೋಗಿ ಬರುತ್ತಿದ್ದಳು. ತನ್ನ ಪುಟ್ಟ ತಂಗಿಗೆ ಕೂಡುವ ಲೆಕ್ಕ, ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದಳು. ಅಮ್ಮ ಒಂದು ಲೋಟ ನೀರು ತಂದಿಟ್ಟು "ತಗೊಳ್ಳಿ ಟೀಚರ್" ಎನ್ನುತ್ತಿದ್ದಳು. ಅಷ್ಟಕ್ಕೇ ಇವಳು ವಾರವಿಡೀ ಹಿಗ್ಗುತ್ತಿದ್ದಳು.

"ಹೋಗ್ಲಿ ಬಿಡು ನಿನ್ನ ಭಾನುವಾರ. ಒಂದು ಲೋಟ ನೀರು ಕುಡಿಯೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ನಲ್ಲೀಲೂ ಬರುತ್ತೆ."

"ನಿಂಗೆ ಹೊಟ್ಟೆಕಿಚ್ಚು."

"ಯಾರ ಮೇಲೆ? ಅವಳ ಮೇಲಾ? ನಿನ್ನ ಮೂಗು ಒರೆಸಿದ್ದು ನಾನು, ಕಕ್ಕ ಬಳಿದಿದ್ದು ನಾನು, ಸ್ಕೂಲಿಗೆ ಹಾಕಿದ್ದು ನಾನು. ಅವಳು ಏನು ಮಾಡಿದ್ಲು?"

"ನೀನು ಎಲ್ಲ ಮಾಡಿದೀಯ ದೊಡ್ಡಮ್ಮ. ಇಲ್ಲ ಅನ್ನಲ್ಲ. ಮಾಡಿದ್ದನ್ನೆಲ್ಲ ಎತ್ತಿ ಎತ್ತಿ ಆಡಿದೀಯ. ಹಾಸ್ಟೆಲಿನವರಿಗೆ ಸೌಟಲ್ಲಿ ಬಡಿಸ್ತೀಯಲ್ಲ, ಹಾಗೇ ಬಡಿಸಿ ಬೆಳೆಸಿದೀಯ. ಅವಳು ಹೋದ ವಾರ ಗಂಡ ಕೆಳಗಿಳಿದಾಗ ನನ್ನ ತಲೆ ಸವರಿದ್ಲು. ಗೊತ್ತಾ? ಸುಮ್ನೆ, ಹಿಂಗೆ. ನೀನು ಯಾವತ್ತಾದ್ರೂ ಸವರಿದೀಯಾ?"

ವಾರ್ಡನ್ ಅವಳ ಕೆನ್ನೆಗೆ ಹೊಡೆದಳು. ಸವರಿದ್ದಲ್ಲ, ಬಾರಿಸಿದ್ದು. ಹುಡುಗಿ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಇದು ಗೊತ್ತಿತ್ತು" ಎಂದಷ್ಟೇ ಹೇಳಿ ಬಾಗಿಲು ತೆಗೆದುಕೊಂಡು ಹೋದಳು.

ಸಿಟ್ಟು ಆರುವ ತನಕ ತಡೆದಿದ್ದರೆ ವಾರ್ಡನ್ ಏನು ಮಾಡುತ್ತಿದ್ದಳೋ ಯಾರಿಗೆ ಗೊತ್ತು. ಅವಳು ತಡೆಯಲಿಲ್ಲ. ಮಂಚದ ಮೇಲಿನ ಗೊಂಚಲು ಎತ್ತಿಕೊಂಡು ಕ್ಷೇಮ ಕೇಂದ್ರಕ್ಕೆ ಹೋದಳು.

ಅಲ್ಲಿ ಕೂತರೆ ಮುಳುಗಿಹೋಗುವ ಮೆತ್ತನೆ ಕುರ್ಚಿಗಳು, ಪ್ಲಾಸ್ಟಿಕ್ ಗಿಡ, ಕಣ್ಣೊರೆಸುವ ಕಾಗದದ ಡಬ್ಬಿ. ಡಬ್ಬಿಯನ್ನು ಇನ್ನೂ ಯಾರೂ ತೆರೆದಿರಲಿಲ್ಲ. ವಾರ್ಡನ್ ಕುರ್ಚಿಯ ಅಂಚಿನಲ್ಲಿ ಕೂತು ಹೇಳಿಬಿಟ್ಟಳು. ನಮ್ಮಲ್ಲೊಬ್ಬಳು ಹುಡುಗಿ ಇದ್ದಾಳೆ, ಹೆತ್ತವಳೇ ಅವಳನ್ನು ಬಿಟ್ಟು ಬೇರೆ ಸಂಸಾರ ಮಾಡಿಕೊಂಡಿದ್ದಾಳೆ, ಇವಳು ಅಮ್ಮನ ಮನೆಗೇ ಟೀಚರ್ ವೇಷ ಹಾಕಿಕೊಂಡು ಹೋಗುತ್ತಾಳೆ. ಆ ಹೆತ್ತವಳು ತನ್ನ ತಂಗಿ ಎಂಬುದೊಂದನ್ನು ಬಿಟ್ಟಳು. ಉಳಿದದ್ದೆಲ್ಲ ಹೇಳಿದಳು.

ಕ್ಷೇಮಾಧಿಕಾರಿ ಕಣ್ಣು ಮುಚ್ಚಿ ಕೇಳಿದ. ಒಳ್ಳೆ ಊಟವಾದವನ ಮುಖದ ಹಾಗಿತ್ತು ಅವನ ಮುಖ. "ಅಯ್ಯೋ ಮಗುವೇ" ಎಂದ. ಆಮೇಲೆ ಕಣ್ಣು ಬಿಟ್ಟು, "ಮನೆ ಎಲ್ಲಿ ಅಂದ್ರಿ?" ಎಂದ.

"ಟಯರ್ ಅಂಗಡಿ ಮೇಲೆ. ನೀರಿನ ಟ್ಯಾಂಕ್ ಎದುರಿಗೆ." ಬಾಯಿಂದ ಬಂದ ಮೇಲೆ ಅವಳು ಕುರ್ಚಿಯಲ್ಲಿ ಮಿಸುಕಿದಳು. "ಯಾಕೆ ಸಾರ್? ಗಂಡನಿಗೆ ಗೊತ್ತಿಲ್ಲ. ಆ ಮನೇಲಿ ಗೊತ್ತಾಗಬಾರದು."

"ಗೊತ್ತಾಗದೇ ಇರೋದೇ ಅಲ್ವಾ ಮೇಡಂ ಕಾಯಿಲೆ. ನಮ್ಮ ಕೇಂದ್ರದ ಪದ್ಧತಿ ಏನು ಅಂದ್ರೆ, ನೋವಿರೋ ಕಡೆ ಕುಟುಂಬವನ್ನ ಒಳಗೆ ತರಬೇಕು. ಬರೀ ಕೇಳಿಸಿಕೊಂಡ್ರೆ ಏನು ಬಂತು? ಬೆಸೆಯಬೇಕು." ಎರಡು ಕೈಗಳ ಬೆರಳುಗಳನ್ನೂ ಹೆಣೆದು ತೋರಿಸಿದ. "ಸಮಿತಿ ಎದುರಿಗೇ ತಾಯಿ ಮಗಳು ಒಂದೇ ಮೇಜಿಗೆ ಕೂತು ಊಟ ಮಾಡಿದ್ರೆ ಹೇಗಿರುತ್ತೆ, ಯೋಚನೆ ಮಾಡಿ. ನಿಮ್ಮ ವಿಷಯ ನಾನು ಮರೆಯಲ್ಲ."

ವಾರ್ಡನ್ ಎದ್ದು ಬಂದಳು. ಮೆಟ್ಟಿಲಿಳಿಯುವಾಗ ಕಾಲು ಒಮ್ಮೆ ತಡೆಯಿತು. ವಾಪಸ್ ಹೋಗಿ, 'ಬೇಡ ಸಾರ್, ನಾನು ಸಿಟ್ಟಿನಲ್ಲಿ ಹೇಳಿದ್ದು' ಎನ್ನಬಹುದಿತ್ತು. ಆಗಿನ್ನೂ ಅವನು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವಳು ಹೋಗಲಿಲ್ಲ. ಆ ಮನೆ ಬಾಗಿಲು ಮುಚ್ಚಿದರೆ ಹುಡುಗಿಗೆ ಉಳಿಯುವುದು ಒಂದೇ ಬಾಗಿಲು, ಅದರ ಬೀಗದಕೈ ನನ್ನ ಸೊಂಟದಲ್ಲಿದೆ ಎಂದುಕೊಂಡಳು. ಹಾಗಂದುಕೊಂಡಾಗ ಅವಳಿಗೆ ಹಾಯೆನಿಸಿತು. ಸುಳ್ಳು ಯಾಕೆ ಹೇಳಬೇಕು, ಹಾಯೆನಿಸಿತು.

ಎರಡು ದಿನ ಹುಡುಗಿ ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋದಳು. ಮೂರನೆಯ ದಿನ ವಾರ್ಡನ್ ಬಟ್ಟೆ ಒಣಗಿಸುವ ತಾರಸಿಯಲ್ಲಿ ಅವಳನ್ನು ಹಿಡಿದಳು. ಈ ಸಲ ದನಿ ತಗ್ಗಿಸಿದ್ದಳು.

"ನೋಡು ಪುಟ್ಟಾ, ಆ ಮೇಜು ಖಾಲಿ ಕಂಡ್ರೆ ನನ್ನ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಕೋಣೆ ಹೋಗುತ್ತೆ. ನಿನ್ನ ಟ್ರಂಕು ನನ್ನ ಟ್ರಂಕು ಎರಡೂ ರಸ್ತೇಲಿ. ಒಂದೇ ಒಂದು ಊಟ. ನೀನು ಬಾಯಿ ಬಿಡಬೇಡ. ಯಾರೂ ಏನೂ ಕೇಳದ ಹಾಗೆ ನಾನು ನೋಡ್ಕೋತೀನಿ."

ಹುಡುಗಿ ಒದ್ದೆ ಟವೆಲನ್ನು ಝಾಡಿಸಿ ತಂತಿಗೆ ಹಾಕಿದಳು. "ಆಣೆ ಮಾಡ್ತೀಯಾ?"

"ಮಾಡ್ತೀನಿ."

"ಭಾನುವಾರದ ವಿಷಯ ಯಾರಿಗೂ ಹೇಳಿಲ್ಲ ತಾನೇ?"

"ನನಗೇನು ಹುಚ್ಚಾ."

ಹುಡುಗಿ ಅವಳ ಮುಖ ನೋಡಿದಳು. ದೊಡ್ಡಮ್ಮನಿಗೆ ಬಾಯಿ ಕೆಟ್ಟದ್ದು, ಕೈ ಕೆಟ್ಟದ್ದು. ಆದರೆ ಆಣೆ ಇಟ್ಟು ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. "ಸರಿ, ಕೂರ್ತೀನಿ. ಕೆನ್ನೆ ಇನ್ನೂ ನೋಯ್ತಾ ಇದೆ, ಗೊತ್ತಾ" ಎಂದಳು. ಸ್ವಲ್ಪ ನಕ್ಕಳು ಕೂಡ.

ಸಮಿತಿ ಬಂದ ದಿನ ಊಟದ ಹಾಲನ್ನು ಬೆಳಗ್ಗೆಯೇ ಎರಡು ಸಲ ಒರೆಸಿದರು. ಹಳದಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದರು. ಅಡಿಗೆಯವಳು ಬಾಗಿಲಲ್ಲಿ ನಿಂತು ಸೆರಗಿನಿಂದ ಬೆವರೊರೆಸಿಕೊಳ್ಳುತ್ತ, "ಮೇಡಂ, ಇವತ್ತು ಅನ್ನದಲ್ಲಿ ಕಲ್ಲಿಲ್ಲ. ಹುಡುಗೀರು ಅನುಮಾನ ಪಟ್ಟು ಊಟಾನೇ ಬಿಡ್ತಾರೇನೋ" ಎಂದಳು.

"ಬಾಯಿಮುಚ್ಚಿಕೊಂಡು ಬಡಿಸು."

"ಬಾಯಿಂದ ಬಡಿಸಲ್ಲ ಮೇಡಂ, ಕೈಯಿಂದಲೇ."

ಹುಡುಗಿ ತಟ್ಟೆ ಹಿಡಿದು ಬಂದು ಅಳುಮೇಜಿನಲ್ಲಿ ಕೂತಳು. ಜೊತೆಗೆ ಗೇಟಿಗೆ ತಡವಾಗಿ ಬಂದ ಇಬ್ಬರು. ಸಮಿತಿಯವರು ಬಂದರು, ಅಧ್ಯಕ್ಷೆ ದಪ್ಪ ಕನ್ನಡಕದ ವಯಸ್ಸಾದ ಹೆಂಗಸು, ಹಿಂದೆ ಟೈ ಕಟ್ಟಿದ ಇಬ್ಬರು ಗಂಡಸರು. ಕ್ಷೇಮಾಧಿಕಾರಿ ಅವರನ್ನು ನೇರವಾಗಿ ದುಂಡುಮೇಜಿಗೆ ತಂದು, ಆ ಇಬ್ಬರು ಹುಡುಗಿಯರನ್ನು ಬೇರೆ ಕಡೆ ಕಳಿಸಿದ. ಎರಡು ಕುರ್ಚಿ ಖಾಲಿಯಾದವು. ಇನ್ನೊಂದು ಸ್ಟೂಲನ್ನೂ ತರಿಸಿದ. ಯಾರಿಗೆ ಎಂದು ಹುಡುಗಿ ಕಣ್ಣಲ್ಲೇ ವಾರ್ಡನ್ನನ್ನು ಕೇಳಿದಳು. ವಾರ್ಡನ್ ನೀರಿನ ಜಗ್ಗು ತುಂಬಿಸುವ ನೆಪದಲ್ಲಿ ಆ ಕಡೆ ತಿರುಗಿದಳು.

ಆಮೇಲೆ ಬಾಗಿಲಲ್ಲಿ ತಂಗಿ ಕಾಣಿಸಿದಳು. ಒಳ್ಳೆ ಬಟ್ಟೆ ಉಟ್ಟಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕದಲ್ಲಿ ಟಯರ್ ಅಂಗಡಿಯವನು, ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗದ ದಪ್ಪ ಮನುಷ್ಯ. ಇಬ್ಬರ ನಡುವೆ ಪುಟ್ಟ ಮಗಳು. ಕ್ಷೇಮಾಧಿಕಾರಿ ಹಿಂದಿನ ದಿನ ಅಂಗಡಿಗೇ ಹೋಗಿ, ಗಿರಾಕಿಗಳ ಎದುರಿಗೇ, "ನಿಮ್ಮ ಹೆಂಡತಿಯ ದೊಡ್ಡ ಮಗಳು ನಮ್ಮಲ್ಲಿ ಓದ್ತಿದಾಳೆ, ಇಬ್ಬರೂ ಬಂದು ಒಂದು ಊಟ ಮಾಡಬೇಕು" ಎಂದು ಕರೆದು ಬಂದಿದ್ದ. ಕೆಟ್ಟ ಬುದ್ಧಿಯಿಂದಲ್ಲ. ಅವನಿಗೆ ಬುದ್ಧಿ ಇದ್ದದ್ದೇ ಅಷ್ಟು.

ಹುಡುಗಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸ್ಸಾಯಿತು.

"ಟೀಚರ್" ಎಂದಿತು ಪುಟ್ಟ ಮಗು. ಓಡಿಬಂದು ಅವಳ ಪಕ್ಕದ ಸ್ಟೂಲಿಗೆ ಹತ್ತಿ ಕೂತಿತು. "ಟೀಚರ್, ನಾನು ಲೆಕ್ಕ ಮಾಡ್ಲಿಲ್ಲ. ಅಪ್ಪ ಅಮ್ಮ ಜಗಳ ಆಡ್ತಿದ್ರು."

ಹಾಲಿನಲ್ಲಿ ತಟ್ಟೆಗಳ ಸದ್ದು ನಿಂತಿತು. ಎಲ್ಲರ ಕಣ್ಣೂ ಕಿಟಕಿ ಕಡೆ.

"ಈ ಮಗುವಿನ ಕಥೆ ಕೇಳಿ" ಎಂದು ಕ್ಷೇಮಾಧಿಕಾರಿ ಅಧ್ಯಕ್ಷೆಯ ಕಡೆ ತಲೆ ವಾಲಿಸಿದ. "ತನ್ನ ಹೆತ್ತಮ್ಮನ ಮನೆಗೇ ಟೀಚರ್ ಅಂತ ಹೋಗ್ತಿದ್ದಳು. ಅಮ್ಮಾ ಅಂತ ಒಂದು ಸಲ ಕರೆಯೋಕೂ ಆಗದೆ. ಇವತ್ತು ಈ ಮೇಜು ಅವರನ್ನ ಬೆಸೆಯುತ್ತೆ. ಕರೆಯಮ್ಮ, ಹೆದರಬೇಡ. ಅಮ್ಮಾ ಅನ್ನು."

ಹುಡುಗಿ ತಲೆಯೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಎಲ್ಲೋ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಟಯರ್ ಅಂಗಡಿಯವನು ಕೂರಲಿಲ್ಲ. ಹೆಂಡತಿಯನ್ನು ನೋಡಿ, ಹವಾಮಾನ ಕೇಳುವಷ್ಟು ಸಮಾಧಾನದಿಂದ ಕೇಳಿದ: "ಮನೇಲಿ ಕೇಳಿದ್ದನ್ನೇ ಇಲ್ಲೂ ಕೇಳ್ತೀನಿ. ಇವಳು ಯಾರ ಮಗಳು?"

ತಂಗಿ ಹಾಲಿನಲ್ಲೆಲ್ಲ ಒಮ್ಮೆ ಕಣ್ಣಾಡಿಸಿದಳು. ಮೇಜಿನ ಹತ್ತಿರವೇ ಜಗ್ಗು ಹಿಡಿದು ನಿಂತ ಅಕ್ಕ ಕಂಡಳು.

"ನಮ್ಮಕ್ಕನ ಮಗಳು" ಎಂದಳು. "ಅಕ್ಕನಿಗೆ ಮದುವೆ ಇಲ್ಲ, ಅದಕ್ಕೇ ನಾವ್ಯಾರೂ ಹೇಳ್ತಿರಲಿಲ್ಲ. ಮರ್ಯಾದೆ ಪ್ರಶ್ನೆ. ಈ ಸಾರು ತಪ್ಪು ತಿಳ್ಕೊಂಡಿದಾರೆ. ಅಲ್ಲೇ ನಿಂತಿದಾಳೆ ನೋಡಿ, ಅವಳನ್ನೇ ಕೇಳಿ. ಅಕ್ಕಾ, ಹೇಳೇ. ಇವಳು ನಿನ್ನ ಮಗಳಲ್ವಾ?"

ಈಗ ಎಲ್ಲರ ಕಣ್ಣೂ ವಾರ್ಡನ್ನಿನ ಮೇಲೆ. ಅಡಿಗೆಯವಳ ಸೌಟು ಪಾತ್ರೆಯ ಮೇಲೆ ನಿಂತಲ್ಲೇ ನಿಂತಿತು.

ವಾರ್ಡನ್ ಕೆಲಸಕ್ಕೆ ಗಂಡ ಮಕ್ಕಳಿಲ್ಲದ ಹೆಂಗಸೇ ಬೇಕು ಎಂಬುದು ಅಲ್ಲಿನ ನಿಯಮ. ಹುಡುಗಿಯರ ನಡುವೆ ಸಂಸಾರ ಇರಬಾರದಂತೆ. ಇಲ್ಲವೆಂದು ಬಾಯಿಬಿಟ್ಟು ಹೇಳಿಯೇ ಅವಳು ಸೇರಿದ್ದಳು. ಹೌದು ಎಂದರೆ ಕೆಲಸ ಹೋಯಿತು, ಕೋಣೆ ಹೋಯಿತು. ಮದುವೆಯಾಗದೆ ಮಗು ಹೆತ್ತವಳು ಎಂದು ಇಡೀ ಹಾಸ್ಟೆಲು ಬೀಗದಮ್ಮನನ್ನು ಬೆರಳು ತೋರಿಸಿ ನಗುತ್ತದೆ. ಇದೆಲ್ಲ ಅವಳ ತಲೆಯಲ್ಲಿ ಮಿಂಚಿನ ಹಾಗೆ ಹೋಯಿತು. ಅದರ ಜೊತೆಗೆ ಇನ್ನೊಂದೂ ಹೋಯಿತು: ಇಷ್ಟು ವರ್ಷ ಇವಳು ನನ್ನ ಮಗಳು ಎಂದು ಒಂದು ಸಲ ಯಾರ ಎದುರಿಗಾದರೂ ಹೇಳಬೇಕೆಂದು ಅವಳಿಗೆ ಆಸೆಯಿತ್ತು. ಈಗ ಹೇಳು ಎಂದು ಕೇಳುತ್ತಿದ್ದಾರೆ. ಕೇಳುತ್ತಿರುವವಳು ಬೇರೆ ಯಾರೂ ಅಲ್ಲ, ಹೆತ್ತವಳೇ.

ಹುಡುಗಿ ತಲೆಯೆತ್ತಿದಳು. ತಾನು ಆಣೆ ಮುರಿದದ್ದು ಅವಳಿಗೆ ಅರ್ಥವಾಗಿದೆ ಎಂದು ವಾರ್ಡನ್ನಿಗೆ ಆ ಕಣ್ಣು ನೋಡಿದ ತಕ್ಷಣ ಗೊತ್ತಾಯಿತು. ಆದರೂ ಹುಡುಗಿ ಅದನ್ನು ಎತ್ತಲಿಲ್ಲ. ಮೇಜಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಮೆಲ್ಲಗೆ, ಮೇಜಿನ ಸುತ್ತ ಇದ್ದವರಿಗಷ್ಟೇ ಕೇಳುವ ಹಾಗೆ ಹೇಳಿದಳು: "ಹೂಂ ಅನ್ನು ದೊಡ್ಡಮ್ಮ."

ದೊಡ್ಡಮ್ಮ. ಈಗಲೂ ಅದೇ. ಅಮ್ಮ ಎನ್ನಲು ಬಾಯಿ ಬರಲಿಲ್ಲ ಇವಳಿಗೆ. ಬೇಕಾಗಿರುವುದು ನಾನಲ್ಲ, ಭಾನುವಾರ. ನನ್ನ ಮಾನವನ್ನು ಮಾರಿ ಅವಳ ಕೈಯಿಂದ ಒಂದು ಲೋಟ ನೀರು ಕೊಂಡುಕೊಳ್ಳುತ್ತಾಳೆ. ಹೀಗಂದುಕೊಂಡ ವಾರ್ಡನ್ ಜಗ್ಗನ್ನು ಮೇಜಿನ ಮೇಲೆ ಇಟ್ಟಳು. ನೀರು ತುಳುಕಿ ಹಳದಿ ಬಟ್ಟೆ ಒದ್ದೆಯಾಯಿತು.

"ನನಗೆ ಮಕ್ಕಳಿಲ್ಲ" ಎಂದಳು. ದನಿ ಹಾಲಿನ ಕೊನೆಯ ಸಾಲಿಗೂ ಕೇಳಿಸಿತು. "ಇವಳನ್ನ ಹೆತ್ತವಳು ನೀನು. ಹೆರಿಗೆ ಆಸ್ಪತ್ರೆ ಹೊರಗೆ ಕೂತವಳು ನಾನು. ನಿನ್ನ ಪಾಪವನ್ನ ಇಷ್ಟು ವರ್ಷ ಹೊತ್ತಿದ್ದು ಸಾಕು, ಈಗ ಹೆಸರನ್ನೂ ಹೊರಬೇಕಾ? ನಿನ್ನ ಮಗಳನ್ನ ನೀನೇ ಇಟ್ಕೋ."

ಪಾಪ ಎಂಬ ಮಾತು ಬಾಯಿಂದ ಹೋದ ಮೇಲೆ ಅವಳಿಗೂ ಕೇಳಿಸಿತು. ವಾಪಸ್ ತೆಗೆದುಕೊಳ್ಳಲಿಲ್ಲ.

ಟಯರ್ ಅಂಗಡಿಯವನು ಪುಟ್ಟ ಮಗುವನ್ನು ಸ್ಟೂಲಿನಿಂದ ಎತ್ತಿಕೊಂಡ. ಮಗು, "ಟೀಚರ್ ಬರಲ್ವಾ?" ಎಂದಿತು. "ನಿಂಗೆ ಟೀಚರ್ ಬೇಡ" ಎಂದ. ಹೆಂಡತಿಗಾಗಿ ಕಾಯದೆ ಬಾಗಿಲ ಕಡೆ ನಡೆದ. ತಂಗಿ ಅವನ ಹಿಂದೆ ಎರಡು ಹೆಜ್ಜೆ ಓಡಿ, ಮತ್ತೆ ತಿರುಗಿ ಬಂದು, ಕೂತಿದ್ದ ಮಗಳ ಮುಂದೆ ಬಗ್ಗಿ ಹೇಳಿದಳು: "ಹುಟ್ಟುವಾಗಲೂ ನನ್ನ ಬಾಳು ಹಾಳು ಮಾಡಿದೆ, ಈಗಲೂ ಮಾಡಿದೆ. ಇನ್ನು ನನ್ನ ಮೆಟ್ಟಿಲು ಹತ್ತಬೇಡ." ಹೇಳಿ, ಬಟ್ಟೆಯ ಚುಂಗು ಕಾಲಿಗೆ ಸಿಕ್ಕಿ ಎಡವಿಕೊಂಡು, ಗಂಡನ ಹಿಂದೆ ಹೋದಳು.

ಅಧ್ಯಕ್ಷೆ ಕನ್ನಡಕ ತೆಗೆದು ಹಿಡಿದುಕೊಂಡಿದ್ದರು. ಎಲ್ಲಿ ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕ್ಷೇಮಾಧಿಕಾರಿ ಗಂಟಲು ಸರಿಮಾಡಿಕೊಂಡ.

"ಮೊದಲು ನೋವಾಗುತ್ತೆ" ಎಂದ. "ಆದ್ರೆ ಇವತ್ತು ಇಲ್ಲೊಂದು ಸತ್ಯ ಹೊರಗೆ ಬಂತು. ಇದೇ ನಮ್ಮ ಕೇಂದ್ರದ ಕೆಲಸ. ವಾರ್ಡನ್ ಮೇಡಂ ಸ್ವಂತ ತಂಗಿ ಅಂತಲೂ ನೋಡದೆ ವಿದ್ಯಾರ್ಥಿಯ ಪರ ನಿಂತರು. ಇಂಥವರು ನಮಗೆ ಬೇಕು."

ಟೈ ಕಟ್ಟಿದವರಲ್ಲೊಬ್ಬ ಚಪ್ಪಾಳೆ ತಟ್ಟಿದ. ಒಬ್ಬನೇ ತಟ್ಟಿದ್ದು ಚೆನ್ನಾಗಿ ಕಾಣದೆಂದು ಇನ್ನೊಬ್ಬನೂ ತಟ್ಟಿದ. ಹುಡುಗಿಯರು ಯಾರೂ ತಟ್ಟಲಿಲ್ಲ. ಕಿಸಕ್ಕೆಂದವಳು ಕೂಡ ತಟ್ಟೆ ನೋಡುತ್ತ ಕೂತಿದ್ದಳು.

"ಹೇಗಿದ್ದೀಯಮ್ಮ?" ಎಂದು ಕ್ಷೇಮಾಧಿಕಾರಿ ಹುಡುಗಿಯ ಕಡೆ ತಲೆ ವಾಲಿಸಿದ.

"ಚೆನ್ನಾಗಿದೀನಿ ಸಾರ್" ಎಂದಳು ಹುಡುಗಿ.

ಅವಳು ತಟ್ಟೆಯಲ್ಲಿ ಉಳಿದದ್ದನ್ನು ಒಂದಗುಳು ಬಿಡದೆ ಉಂಡಳು. ಇಡೀ ಹಾಲು ಅವಳು ಉಣ್ಣುವುದನ್ನು ನೋಡಿತು. ನಂತರ ಎದ್ದು ನಲ್ಲಿಗೆ ಹೋಗಿ ತಟ್ಟೆ ತೊಳೆದು, ಉಳಿದ ತಟ್ಟೆಗಳ ಸಾಲಿನಲ್ಲಿ ನೇರವಾಗಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ವಾರ್ಡನ್ನಿನ ಪಕ್ಕದಲ್ಲೇ ಹಾದುಹೋದಳು.

"ಕೋಣೆಗೆ ಹೋಗು, ಆಮೇಲೆ ಮಾತಾಡೋಣ" ಎಂದಳು ವಾರ್ಡನ್ ಹಲ್ಲು ಕಚ್ಚಿ.

"ಆಯ್ತು ಮೇಡಂ" ಎಂದಳು ಹುಡುಗಿ.

ಮೆಟ್ಟಿಲ ಕಡೆ ತಿರುಗಲಿಲ್ಲ. ಹಗಲು ಹೊತ್ತು ಗೇಟು ತೆರೆದೇ ಇತ್ತು. ಅಂಗಳ ದಾಟಿ ಅವಳು ಹೊರಗೆ ಹೋದದ್ದು ಕಿಟಕಿಯಿಂದ ಎಲ್ಲರಿಗೂ ಕಂಡಿತು. ಕೈಯಲ್ಲಿ ಚೀಲವಿರಲಿಲ್ಲ, ಛತ್ರಿಯಿರಲಿಲ್ಲ.

ಸಮಿತಿಯವರನ್ನು ಕಳಿಸಿ ವಾಪಸ್ ಬಂದ ಕ್ಷೇಮಾಧಿಕಾರಿ, ನಿಮ್ಮ ಕೆಲಸ ಕಾಯಂ ಆದ ಹಾಗೇ ಎಂದು ಅವಳ ಕೈ ಕುಲುಕಿದ. ಅಡಿಗೆಯವಳು ಒದ್ದೆಯಾದ ಹಳದಿ ಬಟ್ಟೆಯನ್ನು ಮುದ್ದೆ ಮಾಡಿಕೊಂಡು ಬಂದು, "ಆ ಹುಡುಗಿ ರಾತ್ರಿ ಊಟಕ್ಕೆ ಇರ್ತಾಳಾ ಮೇಡಂ? ಅಕ್ಕಿ ಹಾಕಬೇಕು" ಎಂದಳು. ಇಷ್ಟು ವರ್ಷಗಳಲ್ಲಿ ಅವಳ ದನಿಯಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ.

"ಇರದೆ ಎಲ್ಲಿಗೆ ಹೋಗ್ತಾಳೆ? ಬಟ್ಟೆಬರೆಯೆಲ್ಲ ಇಲ್ಲೇ ಇದೆ. ಹಾಕು" ಎಂದಳು ವಾರ್ಡನ್.

ಅಕ್ಕಿ ಹಾಕಿದರು. ಸಂಜೆ ಗೇಟು ಹಾಕುವ ಹೊತ್ತಾಯಿತು. ವಾರ್ಡನ್ ಗೇಟಿನ ಹತ್ತಿರ ಹೋಗಿ, ತಡವಾಗಿ ಓಡಿಬಂದ ಇಬ್ಬರನ್ನು ಬೈಯದೆ ಒಳಗೆ ಬಿಟ್ಟು, ರಸ್ತೆಯ ಎರಡೂ ಕಡೆ ನೋಡಿದಳು. ಬೀಗ ಹಾಕಲು ಗೊಂಚಲು ಎತ್ತಿದವಳು ಹಾಕದೆ ಹಾಗೇ ನಿಂತಳು.

ಹುಡುಗಿ ಅವತ್ತು ಬರಲಿಲ್ಲ. ಆಮೇಲೆಯೂ ಬರಲಿಲ್ಲ.